ಸುರಪುರದ ಕಪ್ಪಿ ಡಾಕ್ಟರು

ಡಾಕ್ಟರ್ ಹಂಪಣ್ಣನವರು ಯಾರೊಡನೆ ಮಾತಿಗೆ ನಿಂತರೂ ಎದುರಿನವರ ಮುಖವನ್ನು ನೋಡುತ್ತಿರಲಿಲ್ಲ, ಕೊರಳನ್ನು ನೋಡುತ್ತಿದ್ದರು. ತಹಶೀಲ್ದಾರರೇ ಇರಲಿ, ಸಂತೆಯಲ್ಲಿ ಉಳ್ಳಾಗಡ್ಡಿ ಮಾರುವವಳೇ ಇರಲಿ, ಕಿವಿಯ ಕೆಳಗಿನಿಂದ ಹೆಗಲಿನತ್ತ ಇಳಿಯುವ ನರವು ಚರ್ಮದಡಿಯಲ್ಲಿ ಮಿಡಿಯುವ ಆ ಪುಟ್ಟ ಜಾಗದಲ್ಲಿ ಅವರ ದೃಷ್ಟಿ ನೆಟ್ಟುಬಿಡುತ್ತಿತ್ತು. ಮಾತು ಮುಗಿದು ಎದುರಿನವರು ಹೊರಟುಹೋದ ಮೇಲೂ ಒಂದು ಕ್ಷಣ ಆ ಶೂನ್ಯದಲ್ಲಿಯೇ ಉಳಿದಿರುತ್ತಿತ್ತು. ಸುರಪುರಕ್ಕೆ ಬಂದ ಹೊಸತರಲ್ಲಿ ಇದರಿಂದ ಆಭಾಸಗಳಾದವು. ಕೊರಳಿಗೆ ಬೋರಮಾಳ ಎಂಬ ಚಿನ್ನದ ಸರ ಹಾಕಿಕೊಂಡು ಬಂದ ಸಾಹುಕಾರರ ಮನೆಯ ಹೆಂಗಸೊಬ್ಬಳು ಸೆರಗನ್ನು ಕುತ್ತಿಗೆಗೆ ಬಿಗಿಯಾಗಿ ಸುತ್ತಿಕೊಂಡು ಎದ್ದು ನಿಂತಾಗ, ಬಾಗಿಲಲ್ಲಿದ್ದ ನರ್ಸು ಮಕ್ತುಂಬಿ ನಗು ತಡೆದುಕೊಂಡು ಹೇಳಬೇಕಾಯಿತು:

"ನಿಮ್ಮ ಬೋರಮಾಳ ನೋಡಾಕತ್ತಿಲ್ರೀ ಅವರು. ನಿಮ್ಮ ಎದಿ ಎಷ್ಟು ಹೊಡಕೋತದ ಅಂತ ನೋಡಾಕತ್ತಾರ. ಕುಂದರ್ರಿ."

ಮಕ್ತುಂಬಿ ಆ ಸರ್ಕಾರಿ ದವಾಖಾನೆಯಲ್ಲಿ ನಿಜಾಮನ ಕಾಲದಿಂದಲೂ ಇದ್ದವಳು. ಬಂದ ದಿನದಿಂದಲೇ ವರ್ಗಾವಣೆಯ ಅರ್ಜಿ ಬರೆಯತೊಡಗುತ್ತಿದ್ದ ಡಾಕ್ಟರುಗಳನ್ನು, ಗುಡ್ಡದ ಬಂಡೆಗಳ ಕಾವಿಗೆ ಬೇಸತ್ತು ಹಗಲೆಲ್ಲ ಒದ್ದೆ ಟವೆಲ್ಲು ತಲೆಗೆ ಸುತ್ತಿಕೊಂಡು ಕೂರುತ್ತಿದ್ದ ಡಾಕ್ಟರುಗಳನ್ನು ಬೇಕಾದಷ್ಟು ಕಂಡಿದ್ದಳು. ಆದರೆ 1951ರ ಬೇಸಿಗೆಯಲ್ಲಿ ಬಸ್ಸಿನಿಂದ ಇಳಿದ ಈ ನಲವತ್ತರ ಮನುಷ್ಯನಂಥವರನ್ನು ಕಂಡಿರಲಿಲ್ಲ. ಅಂಥ ಬಿಸಿಲಿನಲ್ಲಿ ಕೊರಳವರೆಗೆ ಗುಂಡಿ ಹಾಕಿದ ಕಪ್ಪು ಶೇರವಾನಿ. ತೋಳಿನಲ್ಲಿ, ಹಸುಗೂಸನ್ನು ಎತ್ತಿಕೊಂಡಂತೆ, ಕರಿಯ ಕಂಬಳಿಯಲ್ಲಿ ಸುತ್ತಿದ ಒಂದು ಗಂಟು. ಎಡಗಾಲು ಕೂದಲೆಳೆಯಷ್ಟು ಗಿಡ್ಡವಾಗಿದ್ದರಿಂದ ಒಂದು ಹೆಜ್ಜೆ ಭಾರವಾಗಿ, ಮರುಹೆಜ್ಜೆ ಹಗುರಾಗಿ ಬೀಳುತ್ತಿತ್ತು. ಪಡಸಾಲೆಯ ಆ ತುದಿಯಲ್ಲಿ ಅವರು ನಡೆದರೆ ಈ ತುದಿಯಲ್ಲಿ ಕಣ್ಣು ಮುಚ್ಚಿಕೊಂಡವಳಿಗೂ ಗುರುತು ಸಿಗುತ್ತಿತ್ತು. ಮದುವೆಯಾಗಿದ್ದರು, ಹೆಂಡತಿ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಅದಕ್ಕಿಂತ ಹೆಚ್ಚಿನದನ್ನು ಅವರು ಯಾರಿಗೂ ಹೇಳಲಿಲ್ಲ. ಮಾತಿನ ಕೊನೆಗೆ "ಶಾಯದ್" ಎಂದು ಸೇರಿಸುವುದು ಅವರ ಚಾಳಿ. ಜ್ವರ ನಾಳೆ ಇಳಿಯುತ್ತದೆ, ಶಾಯದ್. ಬಸ್ಸು ಹೊರಟಿರಬೇಕು, ಶಾಯದ್. ಇರಬಹುದು, ಇರಲಾರದು ಎಂಬ ಆ ಉರ್ದು ಮಾತು ಕೇಳಿ ರೋಗಿಗಳು ಮೊದಮೊದಲು ಕಂಗಾಲಾಗುತ್ತಿದ್ದರು.

ಗಂಟಿನಲ್ಲಿ ಇದ್ದದ್ದು ಒಂದು ಹಿತ್ತಾಳೆಯ ಉರುಳೆ. ಗಡಿಯಾರದ ಕೀಲಿ ಕೊಟ್ಟರೆ ಅದು ನಿಧಾನವಾಗಿ ತಿರುಗುತ್ತಿತ್ತು. ಉರುಳೆಗೆ ನುಣುಪು ಕಾಗದ ಸುತ್ತಿ, ಚಿಮಣಿಯ ಹೊಗೆ ಹಿಡಿದು ಕಾಗದವನ್ನೆಲ್ಲ ಕಪ್ಪಾಗಿಸಿ, ಎದೆ ತೆರೆದ ಕಪ್ಪೆಯ ಹೃದಯಕ್ಕೆ ಒಂದು ಎಳೆ ದಾರ ಕಟ್ಟಿ, ದಾರದ ತುದಿಗೆ ಹುಲ್ಲಿನೆಳೆಯಷ್ಟು ಹಗುರಾದ ಸನ್ನೆಕಡ್ಡಿಯನ್ನು ಜೋಡಿಸಿದರೆ, ಹೃದಯ ಮಿಡಿದಂತೆಲ್ಲ ಕಡ್ಡಿ ಮೇಲೆದ್ದು ಕೆಳಗಿಳಿದು ಮಸಿಯ ಮೇಲೆ ಬಿಳಿಯ ಗೆರೆ ಕೊರೆಯುತ್ತ ಹೋಗುತ್ತಿತ್ತು. ಊರಿನ ಕೆರೆಯಿಂದ ಹಿಡಿಸಿದ ಕಪ್ಪೆಗಳನ್ನು ದವಾಖಾನೆಯ ಹಿಂದಿನ ಕೋಣೆಯಲ್ಲಿ ಮಡಕೆಗಳಲ್ಲಿ ಇಟ್ಟಿದ್ದರು. ಸುರಪುರ ಅವರನ್ನು ತಿಂಗಳೊಪ್ಪತ್ತಿನಲ್ಲಿಯೇ 'ಕಪ್ಪಿ ಡಾಕ್ಟರು' ಎಂದು ಕರೆಯತೊಡಗಿತು. ಅವರ ಉಗುರಿನ ಸಂದಿಯ ಮಸಿಯನ್ನು ನೋಡಿ ಮಕ್ತುಂಬಿ ಬೈಯುತ್ತಿದ್ದಳು.

"ಈ ಕೈಲೆ ಪೇಶಂಟ ಮುಟ್ಟಬ್ಯಾಡ್ರಿ ಡಾಕ್ಟರ್ ಸಾಬ್. ಚಾದಂಗಡಿಯವ ಬಂದಾನಂತ ತಿಳಕೋತಾರ."

"ತೊಳದೇನಿ ಆಪಾ, ಹೋಗವಲ್ದು," ಎಂದು ಅವರು ಶಾಲೆಯ ಹುಡುಗನಂತೆ ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ತನಗಿಂತ ನಾಲ್ಕಾರು ವರ್ಷ ದೊಡ್ಡವಳಾದ ನರ್ಸನ್ನು ಅಕ್ಕ ಎಂದು ಕರೆದ ಮೊದಲ ಡಾಕ್ಟರು ಅವರು.

ಹಿಂದಿನ ಕಥೆ ಅವಳಿಗೆ ತುಣುಕು ತುಣುಕಾಗಿ ತಿಳಿಯಿತು. ಹಂಪಣ್ಣ ದೋರನಹಳ್ಳಿಯ ಕುರಿಗಾರರ ಮಗ. ಅವರು ಚಿಕ್ಕವರಿದ್ದಾಗ ಯಾರೋ ಕಡಿದು ಬೇಲಿಗೆ ಎಸೆದಿದ್ದ ಕಣಗಲದ ಬಾಡಿದ ಎಲೆ ಮೇಯ್ದು ಅರ್ಧ ಹಿಂಡು ಒಂದೇ ಮಧ್ಯಾಹ್ನ ನೆಲಕ್ಕೆ ಬಿತ್ತು. ಅಪ್ಪ ಒಂದು ಕುರಿಯನ್ನು ಸೀಳಿ ನೋಡಿದಾಗ, ಉಳಿದೆಲ್ಲ ಅಂಗಗಳೂ ಎಂದಿನಂತಿದ್ದು, ಹೃದಯವೊಂದು ಮಾತ್ರ ಬಿಗಿಹಿಡಿದ ಮುಷ್ಟಿಯಂತೆ ಸೆಟೆದುಕೊಂಡು ಬೆಳ್ಳಗಾಗಿತ್ತು. ಅವ್ವ ಗೊಲ್ಲಾಳಮ್ಮ ಉಣ್ಣೆ ನೂಲುವುದನ್ನು ಬಿಟ್ಟು ಬಂದು ಅದನ್ನು ಕೈಯಲ್ಲಿ ಹಿಡಿದು ಬಿಡಿಸಲು ನೋಡಿದಳಂತೆ. ಆ ಮುಷ್ಟಿ ಏಕೆ ಬಿಗಿಯಿತು, ಅದನ್ನು ಬಿಡಿಸುವ ಬಗೆ ಯಾವುದು ಎಂಬ ಎರಡು ಪ್ರಶ್ನೆಗಳ ಬೆನ್ನು ಹತ್ತಿ ಅವರು ಹೈದರಾಬಾದು ಸೇರಿದರು, ವೈದ್ಯಕೀಯ ಓದಿದರು, ಓದಿದ ಕಾಲೇಜಿನಲ್ಲಿಯೇ ಶರೀರಕ್ರಿಯಾಶಾಸ್ತ್ರದ ವಿಭಾಗದಲ್ಲಿ ನಿಂತುಬಿಟ್ಟರು. ಜೊತೆಯವರು ದವಾಖಾನೆ ತೆರೆದು ಮೋಟಾರು ಕೊಂಡರು. ಇವರು ಹತ್ತು ಹನ್ನೆರಡು ವರ್ಷ ಕಪ್ಪೆ, ನಾಯಿ, ಕುರಿಗಳ ಹೃದಯದ ಮುಂದೆ ಕುಳಿತು, ಕಣಗಲದ ವಿಷ ಹೃದಯವನ್ನು ಮೊದಲು ಹೇಗೆ ನಿಧಾನಗೊಳಿಸುತ್ತದೆ, ಆಮೇಲೆ ಹೇಗೆ ತಾಳ ತಪ್ಪಿಸುತ್ತದೆ, ಕೊನೆಗೆ ಹೇಗೆ ಹಿಡಿದು ನಿಲ್ಲಿಸುತ್ತದೆ ಎಂಬುದನ್ನು ಮಸಿಯ ಕಾಗದದ ಮೇಲೆ ಇಳಿಸಿದರು. ಅಂದಿನ ಹೈದರಾಬಾದಿನಲ್ಲಿ ವೈದ್ಯವನ್ನೂ ಉರ್ದುವಿನಲ್ಲಿಯೇ ಕಲಿಸುತ್ತಿದ್ದರು. ಪ್ರಬಂಧವನ್ನೂ ಅವರು ಉರ್ದುವಿನಲ್ಲಿಯೇ ಬರೆದರು. ಇಲ್ಲದ ಮಾತುಗಳನ್ನು ತಾವೇ ಕಟ್ಟಿದರು.

ಅದು ಮುಗಿಯುವ ಹೊತ್ತಿಗೆ ರಾಜ್ಯ ಮುಗಿಯಿತು. ನಿಜಾಮನ ಸೀಮೆ ಭಾರತದಲ್ಲಿ ಕೂಡಿತು, ಕಾಲೇಜಿನ ಭಾಷೆ ಇಂಗ್ಲಿಷಾಯಿತು, ಹೊರಗಿನಿಂದ ಬಂದ ಹೊಸ ಮುಖ್ಯಸ್ಥರು ಪ್ರಬಂಧದ ಹಾಳೆಗಳನ್ನು ಬಲದಿಂದ ಎಡಕ್ಕೂ ಎಡದಿಂದ ಬಲಕ್ಕೂ ತಿರುವಿ, ಒರಟುತನವೇನೂ ಇಲ್ಲದೆ, "ಇದನ್ನು ಓದಬಲ್ಲವರು ಯಾರು? ಇಂಗ್ಲಿಷಿನಲ್ಲಿ ಬರೆದು ತನ್ನಿ" ಎಂದರು. ಹಂಪಣ್ಣನವರು ಪ್ರಯತ್ನಪಟ್ಟರು. ಉರ್ದುವಿನಲ್ಲಿ ನೀರಿನಂತೆ ಹರಿದ ವಾಕ್ಯಗಳು ಇಂಗ್ಲಿಷಿನಲ್ಲಿ ಅರ್ಧದಾರಿಯಲ್ಲಿ ನಿಂತುಬಿಡುತ್ತಿದ್ದವು. ಎರಡನೆಯ ಅಧ್ಯಾಯ ಮುಗಿಯುವ ಮುನ್ನ ಅವರ ಹುದ್ದೆಯೇ ಇಲ್ಲವಾಯಿತು, ಸುರಪುರಕ್ಕೆ ಕಳಿಸಿದರು. ಕಾಲೇಜಿಗೆ ಹೊಸ ಯಂತ್ರ ಬಂದಿದ್ದರಿಂದ ಹಳೆಯ ಉರುಳೆಯನ್ನು ಕೇಳಿಕೊಂಡು ತಂದರು.

ಶೇರವಾನಿಯ ವಿಷಯವನ್ನು ಮಕ್ತುಂಬಿಯೇ ಒಮ್ಮೆ ಎತ್ತಿದಳು. ಅವಳ ಗಂಡ ಆ ದವಾಖಾನೆಯ ಕಂಪೌಂಡರಾಗಿದ್ದವನು, 48ರ ಸೆಪ್ಟೆಂಬರಿನಲ್ಲಿ, ಭಾರತದ ಸೈನ್ಯ ಬಂದ ವಾರದಲ್ಲಿ, ತಂಗಿಯ ಮನೆಗೆಂದು ಹೋದವನು ತಿರುಗಿ ಬಂದಿರಲಿಲ್ಲ. ಆಮೇಲೆ ಊರಿನ ಮುಸಲ್ಮಾನರೇ ಶೇರವಾನಿಯನ್ನು ಪೆಟ್ಟಿಗೆಗೆ ಹಾಕಿದ್ದರು.

"ನಮ್ಮವರಽ ಬಿಟ್ಟಾರ, ನೀವ್ಯಾಕ ಹಾಕ್ಕೋತೀರಿ ಇದನ್ನ? ಮಂದಿ ಒಂದು ತಿಳಕೊಂಡರ ಒಂದಾಗತದ."

ಅವರು ಅವಳ ಕೊರಳನ್ನು ಬಿಟ್ಟು ನೆಲ ನೋಡುತ್ತ ಹೇಳಿದರು. ಅದೇ ಸೆಪ್ಟೆಂಬರಿನಲ್ಲಿ ಅವ್ವನಿಗೆ ಹುಷಾರಿಲ್ಲವೆಂದು ಅವರು ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದರು, ಮೈಮೇಲೆ ಇದೇ ಶೇರವಾನಿ. ಗೇಟಿನಲ್ಲಿ ನಿಂತಿದ್ದ ಗುಂಪು ತಡೆದು ಹೆಸರು ಕೇಳಿತು. "ಹಂಪಣ್ಣ ಅಂದೆ ಆಪಾ. ದೋರನಹಳ್ಳಿ ಅಂದೆ. ಹೋಗ್ರಿ ಅಂದರು. ನನ್ನ ಹಿಂದ ಒಬ್ಬಾಂವ ನಿಂತಿದ್ದ, ಅವನೂ ಇಂಥದ್ದಽ ಹಾಕ್ಕೊಂಡಿದ್ದ. ಅವನ ಹೆಸರು ಬ್ಯಾರೆ ಇತ್ತು. ನಾ ತಿರುಗಿ ನೋಡಲಿಲ್ಲ." ಇಷ್ಟು ಹೇಳಿ ಎದ್ದು ಹಿಂದಿನ ಕೋಣೆಗೆ ಹೋದರು. ಮಕ್ತುಂಬಿ ಮತ್ತೆಂದೂ ಅದರ ಮಾತೆತ್ತಲಿಲ್ಲ. ಶೇರವಾನಿಯ ತೋಳು ಹರಿದಾಗ ತಾನೇ ಹೊಲಿದುಕೊಟ್ಟಳು.

1953ರ ಚಳಿಗಾಲದಲ್ಲಿ ಯಾದಗಿರಿಯಿಂದ ಪೊಲೀಸರು ಮೊಹರು ಮಾಡಿದ ಒಂದು ಭರಣಿ ತಂದರು. ಕೈಗೆ ತೆಗೆದುಕೊಂಡು ರುಜು ಹಾಕಿದವಳು ಮಕ್ತುಂಬಿಯೇ. ರಾಮಸಮುದ್ರದಲ್ಲಿ ಭೀಮರಾಯನೆಂಬ ಒಕ್ಕಲಿನವನು ರಾತ್ರಿ ಊಟ ಮಾಡಿ ಮಲಗಿದವನು ವಾಂತಿ ಮಾಡಿಕೊಂಡು ಬೆಳಗಿನೊಳಗೆ ಸತ್ತಿದ್ದ. ಗಂಡಹೆಂಡಿರ ಜಗಳ ಊರಿಗೆಲ್ಲ ಗೊತ್ತಿದ್ದದ್ದು. ಅವನು ಬಡಿಗೆ ತೆಗೆದುಕೊಂಡರೆ ಓಣಿಯೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಹೊಲದ ಬದುವಿನಲ್ಲಿ ಕಣಗಲದ ಗಿಡವಿತ್ತು, ಗಿಡದ ಬುಡವನ್ನು ಯಾರೋ ಹೊಸದಾಗಿ ಅಗೆದಂತಿತ್ತು. ಹೆಂಡತಿ ಹಣಮಮ್ಮನನ್ನು ಹಿಡಿದು ಕೂಡಿಸಿದ್ದರು. ಭರಣಿಯಲ್ಲಿದ್ದದ್ದು ಭೀಮರಾಯನ ಹೊಟ್ಟೆಯೊಳಗಿನದು; ಅದನ್ನು ಹೈದರಾಬಾದಿನಲ್ಲಿ ರಾಸಾಯನಿಕ ಪರೀಕ್ಷೆ ಮಾಡಿದವರಿಗೆ ಏನೂ ಸಿಕ್ಕಿರಲಿಲ್ಲ. ಕಣಗಲ ಅಂಥ ಪರೀಕ್ಷೆಗೆ ಸಿಕ್ಕುವುದು ಕಷ್ಟ; ಹೃದಯಕ್ಕೆ ಮಾತ್ರ ಅದರ ಗುರುತು. ಸುರಪುರದ ಕಪ್ಪಿ ಡಾಕ್ಟರು ಕಪ್ಪೆಯ ಕೈಲೆ ಸಾಕ್ಷಿ ಹೇಳಿಸುತ್ತಾರೆ ಎಂದು ಯಾರೋ ಪೊಲೀಸರ ಕಿವಿಗೆ ಹಾಕಿದ್ದರು.

ಆ ದಿನದ ಡಾಕ್ಟರನ್ನು ಮಕ್ತುಂಬಿ ಮರೆಯುವಂತಿರಲಿಲ್ಲ. ಭರಣಿಯೊಳಗಿನದನ್ನು ಸೋಸಿ, ಕಾಸಿ, ಇಳಿಸಿ, ಉಳಿದ ಕಂದು ಬಣ್ಣದ ರಸವನ್ನು ಸೂಜಿಯಿಂದ ಕಪ್ಪೆಯ ಚರ್ಮದಡಿಗೆ ಬಿಟ್ಟರು. ಮಸಿಯ ಮೇಲೆ ಬಿಳಿಯ ಗೆರೆ ಮೊದಲು ಸಮನಾಗಿ ಓಡಿತು. ಆಮೇಲೆ ಅಲೆಗಳ ನಡುವಿನ ಅಂತರ ಹಿಗ್ಗಿತು. ಆಮೇಲೆ ಕುಡಿದವನ ನಡಿಗೆಯಂತಾಯಿತು. ಕೊನೆಗೆ ಕಡ್ಡಿ ಮೇಲೆದ್ದದ್ದು ಕೆಳಗಿಳಿಯಲೇ ಇಲ್ಲ. ಕಪ್ಪೆಯ ಎದೆಯಲ್ಲಿ ಬೆಳ್ಳಗಾದ ಒಂದು ಮುಷ್ಟಿ. ಮತ್ತೊಂದು ಕಪ್ಪೆ, ಮತ್ತೂ ಒಂದು, ಅದೇ ಗೆರೆ. ಅವರ ಕಣ್ಣಲ್ಲಿ ನೀರು ನಿಂತಿತ್ತು. ದೋರನಹಳ್ಳಿಯ ಕುರಿಯಿಂದ ಹಿಡಿದು ಬಂದ ಕೆಲಸ ಮೊದಲ ಸಲ ಯಾರಿಗೋ ಬೇಕಾಗಿತ್ತು. ಆ ಸಂಜೆ ಅವರು ವರದಿ ಬರೆದರು, ಇಂಗ್ಲಿಷಿನಲ್ಲಿ, ನಾಲ್ಕೇ ಸಾಲು. ಮೃತನ ಹೊಟ್ಟೆಯಲ್ಲಿ ಕಣಗಲದ ವಿಷವಿತ್ತು. ಅದರಲ್ಲಿ ಎಲ್ಲಿಯೂ ಶಾಯದ್ ಇರಲಿಲ್ಲ.

ಸುದ್ದಿ ಹೈದರಾಬಾದಿಗೂ ಮುಟ್ಟಿತು. ಮೊಕದ್ದಮೆ ಮುಗಿದ ಮೇಲೆ ಅವರನ್ನು ಕಾಲೇಜಿಗೆ ಹಿಂದಕ್ಕೆ ಕರೆಸಿಕೊಳ್ಳುವ ಮಾತು ನಡೆದಿದೆ, ವಿಷಪರೀಕ್ಷೆಗೆಂದೇ ಒಂದು ಕೋಣೆ ಕೊಡುತ್ತಾರೆ ಎಂದು ಹಳೆಯ ಗೆಳೆಯರೊಬ್ಬರು ಬಂದು ಹೇಳಿಹೋದರು. ಕೆಲವು ವಾರ ಡಾಕ್ಟರು ಸೀಟಿ ಹಾಕುತ್ತ ಓಡಾಡಿದರು. ಅವರು ಸೀಟಿ ಹಾಕಬಲ್ಲರೆಂಬುದೇ ದವಾಖಾನೆಗೆ ಹೊಸ ಸಂಗತಿಯಾಗಿತ್ತು.

ಯುಗಾದಿ ಕಳೆದ ಮೇಲೆ ಹಣಮಮ್ಮನ ತಾಯಿ ಬಂದಳು. ಮಲಕಮ್ಮ ಎಂದು ಹೆಸರು. ರಾಮಸಮುದ್ರದಿಂದ ಯಾದಗಿರಿ, ಯಾದಗಿರಿಯಿಂದ ಶಹಾಪುರ, ಶಹಾಪುರದಿಂದ ಸುರಪುರ, ಸಿಕ್ಕಲ್ಲಿ ಬಸ್ಸು, ಸಿಗದಲ್ಲಿ ನಡಿಗೆ. ಒಳಗೆ ಬಂದವಳೇ ಡಾಕ್ಟರ ಕಾಲು ಹಿಡಿದಳು. ಅವರು ಗಾಬರಿಯಾಗಿ ಹಿಂದೆ ಸರಿದರು.

"ಯವ್ವಾ, ಏಳ್ರಿ. ನನ್ನ ಕೈಯಾಗ ಏನೂ ಇಲ್ಲ. ಏನದನೋ ಅದನ್ನ ಬರದೇನಿ."

"ನನ್ನ ಮಗಳು ಹಾಕಿಲ್ರೀ ಸಾಹೇಬ್ರ. ಅಂವ ಮೊದಲಽ ಸಾಯೋ ಮನಿಷ್ಯಾ ಇದ್ದ. ಕಾಲು ಬಾತು ಕಂಬ ಆಗಿದ್ದವು. ಮಲಗಿದರ ದಮ್ಮು ಹತ್ತತಿತ್ತು, ಕುಂತಽ ಬೆಳಗ ಮಾಡತಿದ್ದ. ಶಹಾಪುರಕ್ಕ ಹೋಗಿ ಹನಿ ಔಷಧ ತಂದಿದ್ದ ನೋಡ್ರಿ, ಅದನ್ನ ಕುಡದಽ..."

ಮೇಜಿನ ಮೇಲಿನ ಉರುಳೆ ತಿರುಗುತ್ತಿತ್ತು. ಡಾಕ್ಟರು ಕೈ ಚಾಚಿ ಅದನ್ನು ನಿಲ್ಲಿಸಿದರು.

"ಎಂಥ ಹನಿ?"

"ಹಸರ ಹಸರ, ವಿಷದಂಗ ಕಹಿ. ಐದೈದು ಹನಿ ಕುಡಿ ಅಂದಿದ್ರಂತ. ಅಂವಗೆಲ್ಲಿ ತಾಳ್ಮಿ. ದಮ್ಮು ಹತ್ತಿದಾಗೊಮ್ಮೆ ಬಾಟಲಿ ಎತ್ತತಿದ್ದ. ಸತ್ತ ಮ್ಯಾಲ ನಾನಽ ಬಾಟಲಿ ತಿಪ್ಪಿಗಿ ಒಗದೇನಿ."

ಆ ಹನಿ ಯಾವುದೆಂದು ಅವರಿಗೆ ಕೂಡಲೇ ತಿಳಿಯಿತು. ಕಾಲು ಬಾತ, ಉಸಿರು ಕಟ್ಟುವ ಹೃದಯರೋಗಿಗೆ ಡಾಕ್ಟರುಗಳು ಕೊಡುವ ಹನಿ ಡಿಜಿಟಾಲಿಸ್ ಎಂಬ ವಿಲಾಯತಿ ಗಿಡದ ರಸ. ಮಿತಿಯಲ್ಲಿದ್ದರೆ ಸೋತ ಹೃದಯಕ್ಕೆ ಆಸರೆ, ಮಿತಿ ಮೀರಿದರೆ ಕಣಗಲದ ಸ್ವಂತ ತಂಗಿ. ಕಪ್ಪೆಯ ಹೃದಯವನ್ನು ಅದೂ ಹಾಗೆಯೇ ನಿಧಾನಿಸುತ್ತದೆ, ಹಾಗೆಯೇ ಮುಷ್ಟಿ ಕಟ್ಟಿ ನಿಲ್ಲಿಸುತ್ತದೆ. ಇದು ಅವರಿಗೆ ಹೊಸ ವಿಷಯವಲ್ಲ, ವಿದ್ಯಾರ್ಥಿಗಳಿಗೆ ಅವರೇ ಕಲಿಸುತ್ತಿದ್ದ ಮೊದಲ ಪಾಠ.

ಮರುದಿನವೇ ಶಹಾಪುರಕ್ಕೆ ಹೋದರು. ಅಲ್ಲಿನ ಖಾಸಗಿ ಡಾಕ್ಟರು ಚಹ ಕುಡಿಸಿದರು, ಊರ ಸುದ್ದಿ ಮಾತಾಡಿದರು, ಭೀಮರಾಯನೆಂಬ ರೋಗಿಯೇ ತಮಗೆ ನೆನಪಿಲ್ಲವೆಂದರು. ಹೊರಡುವಾಗ ಬಾಗಿಲವರೆಗೂ ಬಂದು ತಗ್ಗಿದ ದನಿಯಲ್ಲಿ, "ನಾ ಮಕ್ಕಳೊಂದಿಗ ಇದೇನಿ ಡಾಕ್ಟರೆ" ಎಂದರಷ್ಟೆ. ಆ ಮನುಷ್ಯನ ಕೊರಳನ್ನು ನೋಡುತ್ತ ನಿಂತ ಹಂಪಣ್ಣನವರಿಗೆ ಬೇಕಾದ ಉತ್ತರ ಸಿಕ್ಕಿತ್ತು: ಹನಿ ಕೊಟ್ಟವರು ಇವರೇ. ಕೋರ್ಟಿಗೆ ಒಯ್ಯಬಹುದಾದ ಉತ್ತರ ಅದಾಗಿರಲಿಲ್ಲ.

ಅಲ್ಲಿಂದ ಮುಂದಿನ ದಿನಗಳಲ್ಲಿ ಅವರು ದವಾಖಾನೆಯ ರೋಗಿಗಳನ್ನು ಬೇಗಬೇಗ ಮುಗಿಸಿ ಹಿಂದಿನ ಕೋಣೆ ಸೇರುತ್ತಿದ್ದರು. ಒಂದು ಕಪ್ಪೆಗೆ ಕಣಗಲ, ಒಂದು ಕಪ್ಪೆಗೆ ಡಿಜಿಟಾಲಿಸ್. ಎರಡು ಗೆರೆಗಳನ್ನು ಪಕ್ಕಪಕ್ಕ ಇಟ್ಟು ಭೂತಗಾಜಿನಲ್ಲಿ ನೋಡುವುದು. ಎಲ್ಲಿಯಾದರೂ ಒಂದು ಬೇರೆ ತಿರುವು, ಒಂದು ಬೇರೆ ತಡವರಿಕೆ. ಪ್ರಮಾಣ ಬದಲಿಸಿದರು, ನೀರಿನ ಕಾವು ಬದಲಿಸಿದರು, ಗಂಡುಕಪ್ಪೆ ಹೆಣ್ಣುಕಪ್ಪೆ ಎಂದು ಬೇರೆ ಮಾಡಿದರು. ಮಕ್ತುಂಬಿ ದಿನವೂ ಸಂಜೆ ಸತ್ತ ಕಪ್ಪೆಗಳನ್ನು ಬಟ್ಟೆಯಲ್ಲಿ ಕಟ್ಟಿ ಗುಂಡಿಗೆ ಹಾಕಿಸುತ್ತಿದ್ದಳು. ಒಂದು ಸಂಜೆ ಬಾಗಿಲಲ್ಲಿ ನಿಂತು ಕೇಳಿದಳು:

"ಸಿಕ್ತೇನ್ರಿ?"

"ಇಲ್ಲ ಆಪಾ. ಔಷಧಕ್ಕೂ ವಿಷಕ್ಕೂ ಈ ಎದಿ ಫರಕು ಮಾಡಂಗಿಲ್ಲ." ಭೂತಗಾಜು ಕೆಳಗಿಟ್ಟು, "ನಾ ಮಾಡಬೇಕಿತ್ತು," ಎಂದರು.

"ಸುಮ್ನ ಇದ್ದುಬಿಡ್ರಿ. ಬರದದ್ದಂತೂ ಬರದಾಗೇದ. ಹಾಕಿದ್ದರೂ ಹಾಕಿರಬೇಕು ಅಕಿ. ಊರಾಗ ಎಲ್ಲಾರೂ ಅದಽ ಅಂತಾರಂತ."

"ಹಾಕಿರಬೇಕು," ಎಂದು ಅವರೂ ಒಪ್ಪಿದರು. "ಹಾಕಿರಲಿಕ್ಕೂ ಇಲ್ಲ. ಅದಽ ಅಲ್ಲೇನು."

ಆ ವರ್ಷದ ಬೇಸಿಗೆಯಲ್ಲಿ ಸೆಷನ್ಸ್ ಜಡ್ಜರ ಮುಕ್ಕಾಂ ಯಾದಗಿರಿಯಲ್ಲಿ ಬಿತ್ತು. ಭರಣಿ ತೆಗೆದುಕೊಂಡ ಸಾಕ್ಷಿಯಾಗಿ ಮಕ್ತುಂಬಿಗೂ ಸಮನ್ಸು ಬಂದಿತ್ತು. ಇಬ್ಬರೂ ಒಂದೇ ಬಸ್ಸಿನಲ್ಲಿ ಹೊರಟರು. ಭೀಮೆಯಲ್ಲಿ ನೀರು ಸೊರಗಿ ಬಂಡೆಗಳು ಮೇಲೆದ್ದಿದ್ದವು. ಶೇರವಾನಿಯೊಳಗೆ ಅವರ ಬೆನ್ನು ಬೆವರಿನಿಂದ ತೊಯ್ದಿತ್ತು. ಕಟಕಟೆಯಲ್ಲಿ ನಿಂತ ಹಣಮಮ್ಮನನ್ನು ಮಕ್ತುಂಬಿ ಆವೊತ್ತು ಮೊದಲ ಸಲ ನೋಡಿದಳು. ಇಪ್ಪತ್ತೈದು ದಾಟಿರದ, ಒಣಕಲು ಮೈಯ ಹೆಂಗಸು, ಹುಬ್ಬಿನ ಮೇಲೆ ಹಳೆಯ ಗಾಯದ ಗುರುತು. ತನ್ನ ವಿಷಯವಾಗಿ ನಡೆಯುತ್ತಿದ್ದ ಇಂಗ್ಲಿಷು ಉರ್ದು ಮಾತುಗಳನ್ನು, ಮಳೆ ನಿಲ್ಲಲೆಂದು ಕಾಯುವವರಂತೆ, ಕಿಟಕಿಯತ್ತ ಮುಖ ಮಾಡಿ ಸಹಿಸುತ್ತಿದ್ದಳು.

ಸರ್ಕಾರಿ ವಕೀಲರು ಡಾಕ್ಟರ ವಿದ್ಯೆಯನ್ನು, ವರ್ಷಗಳ ಸಂಶೋಧನೆಯನ್ನು ಹೊಗಳಿ, ವರದಿಯನ್ನು ಓದಿ, ಇದು ನಿಮ್ಮದೇ ಅಲ್ಲವೇ ಎಂದು ಕೇಳಿದರು. ನನ್ನದೇ ಎಂದ ಹಂಪಣ್ಣನವರು ಜಡ್ಜರ ಕಡೆ ತಿರುಗಿ, ಮುಂದಿನದನ್ನು ಕನ್ನಡದಲ್ಲಿ ಹೇಳಲು ಅಪ್ಪಣೆ ಬೇಕು, ಆಪಾದಿತಳಿಗೆ ತಿಳಿಯಬೇಕು, ಎಂದು ಉರ್ದುವಿನಲ್ಲಿ ಕೇಳಿಕೊಂಡರು. ಕನ್ನಡ ಬಾರದ ಜಡ್ಜರು ಹುಬ್ಬು ಗಂಟಿಕ್ಕಿ, ಗುಮಾಸ್ತನನ್ನು ತರ್ಜುಮೆಗೆ ನಿಲ್ಲಿಸಿದರು.

"ಕಪ್ಪಿ ಎದಿ ನಿಂತದ್ದು ಖರೆ. ಅದು ಕಣಗಲದಿಂದ ನಿಂತಿತು ಅಂತ ಬರದದ್ದು ನನ್ನ ತಪ್ಪು. ಎದಿಬ್ಯಾನಿಗಿ ಕೊಡೋ ಔಷಧದಿಂದನೂ ಹಂಗಽ ನಿಲ್ಲತದ. ಎರಡಕ್ಕೂ ಫರಕು ಹೇಳಾಕ ನನ್ನ ಪರೀಕ್ಷಾಕ್ಕ ಬರಂಗಿಲ್ಲ."

ಕೋರ್ಟಿನಲ್ಲಿ ಗುಜುಗುಜು ಎದ್ದಿತು. ವಕೀಲರು ತಮ್ಮ ಸಾಕ್ಷಿಯ ಮೇಲೆಯೇ ಹರಿಹಾಯ್ದರು.

"ಇದು ನಿಮಗ ಈಗ ಗೊತ್ತಾಯ್ತೇನ್ರಿ?"

"ಇಲ್ಲ. ಮೊದಲಿಂದ ಗೊತ್ತಿತ್ತು."

"ಗೊತ್ತಿದ್ದು ವರದಿಯೊಳಗ ಯಾಕ ಬರೀಲಿಲ್ಲ?"

ಡಾಕ್ಟರ ಬೆರಳುಗಳು ಶೇರವಾನಿಯ ಗುಂಡಿಯನ್ನು ತಿರುವುತ್ತಿದ್ದವು.

"ರಾಮಸಮುದ್ರದ ಬಡವನ ಮನ್ಯಾಗ ವಿಷ ಇರತದ ಅಂತ ಹೊಳೀತು. ಔಷಧ ಇರತದ ಅಂತ ಹೊಳೀಲಿಲ್ಲ. ನಾನೂ ಅಂಥಾ ಮನ್ಯಾಂವಽ. ಆದರೂ ಹೊಳೀಲಿಲ್ಲ."

ಗುಮಾಸ್ತ ಇದನ್ನು ಹೇಗೆ ತರ್ಜುಮೆ ಮಾಡಿದನೋ, ಜಡ್ಜರು ತಲೆಯೆತ್ತದೆ ಬರೆದುಕೊಂಡರು. ವಕೀಲರು, ಹಾಗಾದರೆ ಇಷ್ಟು ವರ್ಷದ ನಿಮ್ಮ ಕಪ್ಪೆಗಳ ಬೆಲೆಯೇನು ಎಂದು ಕೇಳಿ ಜನರನ್ನು ನಗಿಸಿದರು. ಕಿಟಕಿ ನೋಡುತ್ತಿದ್ದ ಹಣಮಮ್ಮ ಆಗಲೇ ಈ ಕಡೆ ತಿರುಗಿದ್ದಳು. ಅವಳ ನೋಟದಲ್ಲಿ ಕೃತಜ್ಞತೆಯಿರಲಿಲ್ಲ, ಒಂದು ಬಗೆಯ ಬೆರಗಿತ್ತು; ಅದು ಮಕ್ತುಂಬಿಗೆ ಹಿತವೆನಿಸಲಿಲ್ಲ.

ಸಂಶಯದ ಲಾಭ ಕೊಟ್ಟು ಅವಳನ್ನು ಬಿಟ್ಟರು. ಹೈದರಾಬಾದಿನ ಕೋಣೆಯ ಮಾತು ಅಲ್ಲಿಗೆ ನಿಂತಿತು. ಪೊಲೀಸರು ಮತ್ತೆ ಭರಣಿ ತರಲಿಲ್ಲ. ತಪ್ಪು ವರದಿ ಕೊಟ್ಟ ಬಗ್ಗೆ ಮೇಲಿನವರು ವಿವರಣೆ ಕೇಳಿದರು, ಬಡ್ತಿ ತಡೆದರು. ಮಳೆಗಾಲ ಹಿಡಿದು ಕೆರೆಯಲ್ಲಿ ಕಪ್ಪೆಗಳು ಒಟಗುಟ್ಟತೊಡಗಿದಾಗಲೂ ಡಾಕ್ಟರು ಮಡಕೆ ತರಿಸಲಿಲ್ಲ. ಉರುಳೆಯ ಹಿತ್ತಾಳೆ ಕಿಲುಬು ಹಿಡಿಯಿತು. ಒಮ್ಮೆ ಮಕ್ತುಂಬಿ ಅದನ್ನು ಹುಣಸೆಹಣ್ಣಿನಿಂದ ತಿಕ್ಕಿ ಇಟ್ಟಳು; ಅವರು ನೋಡಿ ಕಂಬಳಿ ಹೊದಿಸಿದರು.

ದಸರೆಯ ಹೊತ್ತಿಗೆ ಹಣಮಮ್ಮ ತಾಯಿಯೊಡನೆ ಸುರಪುರಕ್ಕೆ ಬಂದಳು. ಕೋರ್ಟು ಬಿಟ್ಟಿದ್ದರೂ ರಾಮಸಮುದ್ರ ಬಿಟ್ಟಿರಲಿಲ್ಲ. ಅವಳು ಮುಟ್ಟಿದ ಕೊಡವನ್ನು ಬಾವಿಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ದವಾಖಾನೆಯಲ್ಲಿ ಕಸಗುಡಿಸುವ ಕೆಲಸವೊಂದು ಖಾಲಿಯಿತ್ತು. ಡಾಕ್ಟರು ಅವಳನ್ನು ಇಟ್ಟುಕೊಂಡರು. ಗುಡಿಸುವುದು, ನೀರು ತುಂಬುವುದು, ಆಮೇಲೆ ಯಾರೂ ಹೇಳದೆಯೇ ಸಂಜೆ ಡಾಕ್ಟರಿಗೆ ಚಹ ಮಾಡುವುದೂ ಅವಳ ಪಾಲಿಗೆ ಬಂತು. ಅವಳು ಚಹದ ಕಪ್ಪು-ಬಸಿಯನ್ನು ಮೇಜಿನ ಮೇಲಿಟ್ಟು ನಿಲ್ಲುವಳು, ಅವರು ಕುಡಿಯುವರು, ಅವಳು ಕಪ್ಪು ತೆಗೆದುಕೊಂಡು ಹೋಗುವಳು. ಮೊದಲ ಎಷ್ಟೋ ದಿನ ಆ ಕಪ್ಪು ಖಾಲಿಯಾಗುವವರೆಗೆ ಮಕ್ತುಂಬಿಗೆ ತನ್ನ ಕೆಲಸದಲ್ಲಿ ಕೈ ಓಡುತ್ತಿರಲಿಲ್ಲ. ಒಂದು ದಿನ ತಡೆಯದೆ ಕೇಳಿಯೇಬಿಟ್ಟಳು.

"ಅಕಿ ಕೈಲೆ ಕುಡಿಯೋದು ಕುಡೀತೀರಿ. ಒಮ್ಮೆರ ಕೇಳ್ರಿ ಡಾಕ್ಟರ್ ಸಾಬ್. ಹಾಕಿದ್ಯೋ ಇಲ್ಲೋ ಅಂತ."

"ಕೇಳಿದರ ಏನರ ಹೇಳ್ತಾಳ. ಹೇಳಿದ್ದು ಖರೇನೋ ಸುಳ್ಳೋ, ಅದನ್ನ ಹೇಳೋ ಕಪ್ಪಿ ನನ್ನ ಹಂತೇಕ ಇಲ್ಲ ಆಪಾ."

"ಅಂಜಿಕಿ ಆಗಂಗಿಲ್ಲೇನು?"

"ಆಗತದ," ಎಂದರು. ಅಷ್ಟೇ.

1956ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಕನ್ನಡದವರೆಲ್ಲ ಒಂದಾದರೆಂದು ಸುರಪುರದಲ್ಲಿ ಪೇಢೆ ಹಂಚಿದರು. ಮರುವರ್ಷ ಡಾಕ್ಟರಿಗೆ ದೂರದ ದಕ್ಷಿಣದ ಒಂದು ಊರಿಗೆ ವರ್ಗವಾಯಿತು. ಅಲ್ಲಿನ ಕನ್ನಡ ಇವರಿಗೆ, ಇವರ ಕನ್ನಡ ಅಲ್ಲಿನವರಿಗೆ ಅರ್ಧಂಬರ್ಧ. ಕೆಲಕಾಲದಲ್ಲಿ ಅಲ್ಲಿಯೇ ಜ್ವರ ಬಂದು ತೀರಿಕೊಂಡರೆಂದು ಬದಲಿ ಬಂದ ಡಾಕ್ಟರು ಒಂದು ಬೆಳಗ್ಗೆ, ಬೇರೆ ಯಾವುದೋ ಮಾತಿನ ನಡುವೆ, ತಿಳಿಸಿದರು. ಮಣ್ಣು ಮಾಡಿದವರು ಯಾರು, ಉರ್ದು ಪ್ರಬಂಧ ಏನಾಯಿತು, ಯಾರಿಗೂ ತಿಳಿಯಲಿಲ್ಲ.

ಮಕ್ತುಂಬಿ ಹಿತ್ತಿಲಿಗೆ ಹೋಗಿ ಹಣಮಮ್ಮನಿಗೆ ಹೇಳಿದಳು. ಅವಳು ಕಸಬಾರಿಗೆ ಕೆಳಗಿಟ್ಟು, ಕಟ್ಟೆಯ ಮೇಲೆ ಕುಳಿತು, ಸದ್ದಿಲ್ಲದೆ ಬಹಳ ಹೊತ್ತು ಅತ್ತಳು. ಆಗ ಮಕ್ತುಂಬಿ ತನ್ನೊಳಗೆ ವರ್ಷಗಟ್ಟಲೆ ಕೊಳೆಯುತ್ತಿದ್ದುದನ್ನು ಕೇಳಿದಳು. ಹಣಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

"ಅವರು ಕೇಳಿದ್ದರ ಹೇಳತಿದ್ದೆ," ಎಂದಳು. "ನೀ ಕೇಳಬ್ಯಾಡ."

ಲೋಕವು ಉತ್ತರ ತಂದವರನ್ನು ನೆನಪಿಟ್ಟುಕೊಳ್ಳುತ್ತದೆ. ಅವರ ಪಟ ತೂಗುಹಾಕುತ್ತದೆ, ಓಣಿಗಳಿಗೆ ಅವರ ಹೆಸರಿಡುತ್ತದೆ. ತಂದ ಉತ್ತರವನ್ನು, ಇದು ಇಷ್ಟೇ, ಇದರಾಚೆಗೆ ನನಗೆ ತಿಳಿಯದು ಎಂದು ಹತ್ತು ಜನರ ಮುಂದೆ ಕೆಳಗಿಟ್ಟು ಬರಿಗೈಯಲ್ಲಿ ಮನೆಗೆ ನಡೆದವರು ಕೂಡ ಆ ಜಾತಿಯವರೇ, ಬಹುಶಃ ಅದರಲ್ಲಿ ಹೆಚ್ಚು ಕಷ್ಟದ ಕೆಲಸ ಮಾಡಿದವರು. ಆದರೆ ಅಂಥವರಿಂದ ಯಾರಿಗೂ ಸಮಾಧಾನವಿಲ್ಲ, ಉಳಿದುಕೊಂಡವರಿಗೂ ಇಲ್ಲ, ಅವರಿಗಂತೂ ಮೊದಲೇ ಇಲ್ಲ. ಅವರು ಬಿಟ್ಟುಹೋಗುವುದು ಒಂದು ಸಂಶಯವನ್ನು, ಅದರ ನೆರಳಿನಲ್ಲಿ ಬದುಕಿಕೊಂಡ ಯಾರೋ ಒಬ್ಬರನ್ನು. ಅಷ್ಟಕ್ಕಾಗಿಯೇ ಒಂದು ಇಡೀ ಆಯುಷ್ಯ ಬೇಕಾಗುತ್ತದೆ.